ಕೈ ಕಟ್ಟಿ ಕೂತ ಒಂಬತ್ತು ದಿನ

ದುಡಿಯುವ ಕೈಗೆ ಒಂದು ಕಾಯಿಲೆ ಇದೆ. ಬೇರೆಯವರು ಕೆಲಸ ಮಾಡುವುದನ್ನು ನೋಡಿಕೊಂಡು ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ಈ ಕಾಯಿಲೆ ನನಗೆ ಜೋರಾಗಿಯೇ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊಟಕ್ಕೆಂದು ಹೋದ ಮದುವೆಯಲ್ಲಿ ಚಪ್ಪರದ ಹಗ್ಗ ಸಡಿಲವಾಗಿದ್ದುದು ಕಣ್ಣಿಗೆ ಬಿದ್ದು, ಹೊಸ ಅಂಗಿಯಲ್ಲೇ ಏಣಿ ಹತ್ತಿ ಬಿಗಿದು, ಇಳಿಯುವಷ್ಟರಲ್ಲಿ ಕೊನೆಯ ಪಂಕ್ತಿಯೂ ಎದ್ದು, ಹಸಿದುಕೊಂಡೇ ಮನೆಗೆ ಬಂದವನು ನಾನು. ಒಮ್ಮೆ ಕ್ಲಿನಿಕ್ಕಿನಲ್ಲಿ ನರ್ಸಮ್ಮ ನನ್ನ ಹೆಬ್ಬೆರಳಿಗೆ ಪಟ್ಟಿ ಸುತ್ತುತ್ತಿದ್ದಾಗ, "ಟೇಪನ್ನು ಅಷ್ಟು ಎಳೆದು ಸುತ್ತಬಾರದು ಸಿಸ್ಟರ್, ಆಮೇಲೆ ಅಂಚು ಏಳುತ್ತದೆ" ಎಂದು ಹೇಳಿಕೊಟ್ಟೆ. ಆಕೆ ಟೇಪಿನ ಸುರುಳಿಯನ್ನು ನನ್ನ ಕೈಗೇ ಕೊಟ್ಟು ಮುಂದಿನ ರೋಗಿಯ ಹತ್ತಿರ ಹೋದಳು. ನಾನೇ ಸುತ್ತಿಕೊಂಡೆ. ಅಂಚು ಏಳಲಿಲ್ಲ.

ಹೀಗೆ ಹೇಳುವ ಹಕ್ಕು ನನಗೆ ಪುಕ್ಕಟೆ ಬಂದದ್ದಲ್ಲ. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು, ಮಂಗಳೂರಿನಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿ ಸೇರಿದವನು ನಾನು. ಈಗ ಇಪ್ಪತ್ತೊಂದು ವರ್ಷಗಳಿಂದ ಕುವೈತಿನ ಸಬ್ಹಾನಿನಲ್ಲಿ, ಏಸಿಯ ಗಾಳಿ ಹೋಗುವ ತಗಡಿನ ಕೊಳವೆ, ಅಂದರೆ ಡಕ್ಟ್ ಮಾಡುವ ವರ್ಕ್‌ಶಾಪಿನಲ್ಲಿ ಮೇಸ್ತ್ರಿ. ಹೊರಗೆ ಬಿಸಿಲು ಬೆಂಕಿ ಸುರಿಯುತ್ತಿರುವಾಗ ದೊಡ್ಡ ದೊಡ್ಡವರು ಒಳಗೆ ಕೋಟು ಹಾಕಿಕೊಂಡು ಮೀಟಿಂಗ್ ಮಾಡುತ್ತಾರಲ್ಲ, ಆ ಕೋಟಿನ ಗತ್ತಿನಲ್ಲಿ ನನ್ನದೂ ಒಂದು ಪಾಲಿದೆ. ಅದು ಅವರಿಗೆ ಗೊತ್ತಿಲ್ಲ. ಚಿಂತೆಯಿಲ್ಲ, ನನಗೆ ಗೊತ್ತಿದೆ.

ಮಗಳು ದೀಕ್ಷಾ ಒಂಬತ್ತನೇ ಕ್ಲಾಸು. ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ನಾನೂ ಹೆಂಡತಿ ಸುಜಾತಳೂ ಅರ್ಧ ತುಳು ಅರ್ಧ ಕನ್ನಡದಲ್ಲಿ ಮಾತಾಡುತ್ತೇವೆ. ಮಗಳು ಎಲ್ಲವನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ತೀರಾ ಸಿಟ್ಟು ಬಂದರೆ ಮಾತ್ರ ಕನ್ನಡ. ಹಾಗಾಗಿ ಅವಳ ಬಾಯಲ್ಲಿ ಕನ್ನಡ ಬಂತೆಂದರೆ ನಾವಿಬ್ಬರೂ ನೆಟ್ಟಗೆ ಕೂರುತ್ತೇವೆ.

ಒಂದು ಸಂಜೆ ಅವಳು ಒಂದು ಫಾರಂ ತಂದು ನನ್ನ ಮುಂದಿಟ್ಟಳು. ಕಾಮಿಕ್ಸು, ಕಾರ್ಟೂನು, ವಿಡಿಯೊ ಗೇಮು ಎಂದರೆ ಪ್ರಾಣ ಬಿಡುವವರೆಲ್ಲ ಒಂದು ದೊಡ್ಡ ಹಾಲಿನಲ್ಲಿ ಸೇರುತ್ತಾರಂತೆ. ತಮಗಿಷ್ಟದ ಪಾತ್ರದ ವೇಷ ತಾವೇ ಸಿದ್ಧ ಮಾಡಿ ತೊಟ್ಟು ಬರುತ್ತಾರಂತೆ. ಇದಕ್ಕೆ ಕಾಸ್‌ಪ್ಲೇ ಎಂದು ಹೆಸರು. ಮೊದಲ ಸಲ ವೇಷ ಹಾಕುವ ಮಕ್ಕಳಿಗೆಂದೇ ಒಂದು ಸ್ಪರ್ಧೆಯೂ ಇದೆ. ಅದಕ್ಕೆ ತಂದೆಯ ಸಹಿ ಬೇಕು. ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು. ಓದಿ ಹೇಳು ಎಂದು ಮಗಳನ್ನು ಕೇಳಲು ನನಗೆ ಮರ್ಯಾದೆ ಅಡ್ಡ ಬಂತು. ಮೇಲಿನಿಂದ ಕೆಳಗೆ ಕಣ್ಣು ಓಡಿಸಿ, ಎರಡು ಕಡೆ ಹೂಂಗುಟ್ಟಿ, ಗೇಟ್ ಪಾಸಿಗೆ ಹಾಕುವ ಹಾಗೆ ಗೀಚಿ ಕೊಟ್ಟೆ.

ಅವಳು ಆರಿಸಿಕೊಂಡದ್ದು ಆಕಾಶದಲ್ಲಿ ಹಡಗು ನಡೆಸುವ ಒಬ್ಬ ಹೆಣ್ಣು ಸೇನಾಪತಿಯ ಪಾತ್ರ. ಹೆಸರನ್ನು ಮೂರು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಗೆ ಹತ್ತಲಿಲ್ಲ. ಚಿತ್ರ ಮಾತ್ರ ಚೆನ್ನಾಗಿ ನೋಡಿಕೊಂಡೆ. ಎದೆಗೆ ಕವಚ, ಭುಜಗಳ ಮೇಲೆ ಗಿಡುಗ ಕೂತಂತೆ ಎರಡು ಪಟ್ಟಿ, ತಲೆಗೆ ಶಿರಸ್ತ್ರಾಣ, ಅದರ ನೆತ್ತಿಯಲ್ಲಿ ಒಂದು ಕೊಂಬು. "ಎವೆರಿವನ್ ಯೂಸಸ್ ಫೋಮ್ ಪಪ್ಪಾ, ಐ ವಿಲ್ ಮೇಕ್ ಇಟ್," ಎಂದಳು. ಫೋಮು ಎಂದರೆ ನನ್ನ ಲೆಕ್ಕದಲ್ಲಿ ಟೀವಿಯ ಡಬ್ಬದೊಳಗೆ ಬರುವ ಕಸ. ತಗಡಿನ ಮೇಸ್ತ್ರಿಯ ಮಗಳು ಕಸ ತೊಟ್ಟುಕೊಂಡು ನಾಲ್ಕು ಜನರ ಮುಂದೆ ನಿಲ್ಲುವುದೇ?

ನಾನು ಯಾರಿಗೂ ಹೇಳಲಿಲ್ಲ. ಅವಳ ಯೂನಿಫಾರ್ಮಿನಿಂದ ಅಳತೆ ತೆಗೆದುಕೊಂಡು, ವರ್ಕ್‌ಶಾಪಿನ ಊಟದ ಬಿಡುವಿನಲ್ಲಿ, ಸಾಹೇಬರನ್ನು ಕೇಳಿ ಪಡೆದ ತಗಡಿನ ತುಂಡುಗಳಲ್ಲಿ ಎರಡು ವಾರ ಕೂತು ಕವಚ ಮಾಡಿದೆ. ಮೂಲೆ ಮೂಲೆಗೆ ಬಿಗಿಯಾದ ಮಡಿಕೆ, ಅಂಚಿಗೆ ಕೈ ಕೊಯ್ಯದಂತೆ ಮಗುಚು, ಸಾಲಾಗಿ ರಿವೆಟ್ಟು. ಜೊತೆಗೆ ಕೆಲಸ ಮಾಡುವ ಉಳ್ಳಾಲದ ಇಸ್ಮಾಯಿಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಶೇಖರಣ್ಣ, ಇದು ಹುಡುಗಿಗೆ ಹಾಕ್ಲಿಕ್ಕಾ, ಹುಡುಗಿಯನ್ನು ಕಾರ್ಗೋದಲ್ಲಿ ಊರಿಗೆ ಕಳಿಸ್ಲಿಕ್ಕಾ?" ಎಂದ. ಹೊಟ್ಟೆಕಿಚ್ಚು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕವಚವನ್ನು ಹಾಲಿನ ನಡುವೆ ಇಟ್ಟು ಮೇಲಿನ ಬೆಡ್‌ಶೀಟು ಸರಿಸಿದೆ. ಯಾರೂ ಮಾತಾಡಲಿಲ್ಲ. ಒಳ್ಳೆಯ ಕೆಲಸ ನೋಡಿದಾಗ ಜನ ಹಾಗೆಯೇ. ದೀಕ್ಷಾ ಪಾಪ, ಹೇಳಿದ ಹಾಗೆ ಒಳಗೆ ತೂರಿಕೊಂಡಳು. ಆಗ ನನಗೆ ಒಂದು ವಿಷಯ ತಿಳಿಯಿತು. ಡಕ್ಟಿನ ಮೇಲೆ ಶಾಖ ತಡೆಯಲು ರಬ್ಬರಿನ ಹೊದಿಕೆ ಸುತ್ತಿ, ಅದರ ಮೇಲೆ ಹೊರತಗಡು ಹಾಕುತ್ತೇವೆ. ಹೊದಿಕೆಗೆಂದು ಹೊರತಗಡಿನೊಳಗೆ ಸುತ್ತ ಒಂದಿಂಚು ಜಾಗ ಬಿಡುವುದು ನಮ್ಮ ಅಭ್ಯಾಸ. ಮಗಳಿಗೂ ಬಿಟ್ಟಿದ್ದೆ. ಅವಳು ತಿರುಗಿದರೆ ಕವಚ ತಿರುಗುತ್ತಿರಲಿಲ್ಲ. ಕವಚ ತಿರುಗಿದಾಗ ಫ್ರಿಜ್ಜಿನ ಮೇಲಿದ್ದ ಹೂದಾನಿ ಕೆಳಗೆ ಬಂತು. ಕೈ ಎತ್ತಲು ಆಗಲಿಲ್ಲ, ಕೂರಲಂತೂ ಸಾಧ್ಯವೇ ಇರಲಿಲ್ಲ.

"ಪಪ್ಪಾ," ಎಂದಳು ಒಳಗಿನಿಂದ, "ಇಟ್ಸ್ ಅ ಡಕ್ಟ್."

ಸುಜಾತ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. "ಎಲ್ಲ ಸರಿ ಉಂಟು ಮಾರಾಯ್ರೆ. ತಂಪು ಗಾಳಿ ಯಾವ ಕಡೆಯಿಂದ ಬರುದು ಇದ್ರಲ್ಲಿ?"

ಹೊರಗೆ ಬಂದ ದೀಕ್ಷಾ ಫಾರಮ್ಮಿನ ಪ್ರತಿಯನ್ನು ತಂದಳು. ಶುರು ಮಾಡಿದ್ದು ಕನ್ನಡದಲ್ಲಿ. "ಇದು ಯಾರ ಸಹಿ ಪಪ್ಪಾ?"

"ನನ್ನದೇ."

"ಇಲ್ಲಿ ಎಂತ ಬರೆದಿದ್ದಾರೆ, ಓದಿ."

ನಾನು ಅಂಗಿಯ ಜೇಬು ತಡವುತ್ತ, "ಕನ್ನಡಕ ಎಲ್ಲಿಟ್ಟೆನೋ" ಎಂದೆ.

"ನಿಮಗೆ ಕನ್ನಡಕ ಇಲ್ಲ," ಎಂದಳು ಸುಜಾತ.

ಕೊನೆಗೆ ಮಗಳೇ ಓದಿದಳು. ವೇಷದಲ್ಲಿ ಲೋಹ ಇರಬಾರದು. ಎರಡನೆಯದು, ವೇಷವನ್ನು ಸ್ಪರ್ಧಿಯೇ ಪೂರ್ತಿಯಾಗಿ ತನ್ನ ಕೈಯಿಂದ ಮಾಡಿರಬೇಕು. "ನನಗೆ ಪ್ರೈಸ್ ಬರ್ಬೇಕು ಅಂತ ಇಲ್ಲ ಪಪ್ಪಾ," ಎಂದಳು. "ನಾನೇ ಮಾಡಿದ್ದು ಅಂತ ಒಂದು ಸಲ ಹೇಳ್ಬೇಕು. ಐದನೇ ಕ್ಲಾಸಿನ ಸೋಲಾರ್ ಸಿಸ್ಟಂ ನೀವೇ ಮಾಡಿದ್ದು. ಶನಿಗ್ರಹದ ರಿಂಗಿಗೆ ರಿವೆಟ್ ಹೊಡೆದದ್ದು ಯಾರು ಅಂತ ಟೀಚರ್ ಎಲ್ಲರೆದುರು ಕೇಳಿದ್ರು. ನಾನು ಎಂತ ಹೇಳ್ಬೇಕಿತ್ತು?"

ಆ ರಿವೆಟ್ಟುಗಳು ಇಂದಿಗೂ ಅಲುಗಿಲ್ಲ ಎಂಬ ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡೆ. ಹತ್ತು ಹನ್ನೆರಡು ವರ್ಷಗಳಿಂದ ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಳ್ಳುತ್ತಿದ್ದೆ ಎಂದು ಯಾರೂ ಹೇಳಿರಲಿಲ್ಲ. "ಸರಿ," ಎಂದೆ, "ಇನ್ನು ನಾನು ಮುಟ್ಟುವುದಿಲ್ಲ. ಒಂದು ಟೇಪು ಸಹ ಹಚ್ಚುವುದಿಲ್ಲ." ಸ್ಪರ್ಧೆಗೆ ಒಂಬತ್ತು ದಿನ ಉಳಿದಿತ್ತು. ಕವಚವನ್ನು ಸುಜಾತ ಬಾಲ್ಕನಿಗೆ ಸಾಗಿಸಿ ಅದರೊಳಗೆ ಈರುಳ್ಳಿ ತುಂಬಿದಳು. ಈರುಳ್ಳಿಗೆ ಒಂದಿಂಚು ಗಾಳಿಯ ಜಾಗ ಒಳ್ಳೆಯದಂತೆ.

ಮರುದಿನ ಕೆಲಸದಿಂದ ಬರುವಾಗ, ಲೋಹವಲ್ಲವಲ್ಲ ಎಂದು, ಡಕ್ಟಿಗೆ ಸುತ್ತುವ ಕಪ್ಪು ರಬ್ಬರ್ ಹಾಳೆಯ ತುಂಡುಗಳನ್ನು ತಂದು ಅವಳ ಮುಂದೆ ಹಾಕಿದೆ. ಅವಳು ಒತ್ತಿ ನೋಡಿದಳು, ಮಡಚಿದಳು, ಹೇರ್ ಡ್ರೈಯರಿನ ಬಿಸಿ ತಾಗಿಸಿ ಬಗ್ಗಿಸಿದಳು. ಬಗ್ಗಿಸಿದ ಹಾಗೆ ನಿಂತಿತು. "ಪಪ್ಪಾ, ದಿಸ್ ಈಸ್ ಫೋಮ್. ಯು ಹ್ಯಾಡ್ ದಿಸ್?" ಎಂದಳು. ಇತ್ತು. ಇಪ್ಪತ್ತೊಂದು ವರ್ಷದಿಂದ ಇತ್ತು. ನಾನು ಕಸ ಎಂದು ಬೈದದ್ದನ್ನೇ ದಿನವೂ ಸುತ್ತುತ್ತಿದ್ದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಬೆರಳು ಜುಮ್ಮೆನ್ನುತ್ತದೆ. ಮಗಳು ನನ್ನ ಕಣ್ಣೆದುರೇ ಹಾಳೆ ಕೊಯ್ಯುವ ಕತ್ತಿಯನ್ನು ತಪ್ಪು ಕೋನದಲ್ಲಿ ಹಿಡಿಯುತ್ತಾಳೆ. ಗೋಂದು ಹಚ್ಚಿ, ಅದು ಸ್ವಲ್ಪ ಆರಿ ಅಂಟು ಹಿಡಿಯುವ ಮೊದಲೇ ಅಂಟಿಸುತ್ತಾಳೆ. ಅದು ಬಿಚ್ಚಿಕೊಳ್ಳುತ್ತದೆ. ಮತ್ತೆ ಅಂಟಿಸುತ್ತಾಳೆ. ನಾನು ಸೋಫಾದಲ್ಲಿ ಕೂತು ಎರಡು ಕೈಗಳನ್ನೂ ತೊಡೆಯಡಿ ಇಟ್ಟುಕೊಳ್ಳುತ್ತೇನೆ. ಮೊದಲ ದಿನವೇ ನಾನು ಮೂರು ಸಲ ಎದ್ದದ್ದನ್ನು ನೋಡಿ ಸುಜಾತ ತುರಿಯುವ ಮಣೆ ಮತ್ತು ಎರಡು ತೆಂಗಿನಕಾಯಿ ತಂದು ನನ್ನೆದುರು ಇಟ್ಟಳು. "ಕೈಗೆ ಕೆಲಸ ಬೇಕಲ್ಲ, ಇದನ್ನು ಹೆರೆಯಿರಿ." ಆ ವಾರ ನಮ್ಮ ಮನೆಯಲ್ಲಿ ತೆಂಗಿನಕಾಯಿ ಹಾಕದ ಪದಾರ್ಥವೇ ಆಗಲಿಲ್ಲ. ಚಪಾತಿಗೂ ಬಿತ್ತು. ಹೆರೆದ ಕಾಯಿ ಮಾತ್ರ ಎಲ್ಲ ಒಂದೇ ಸಮ ಇತ್ತು, ಅದನ್ನು ಸುಜಾತಳೂ ಒಪ್ಪಿದ್ದಾಳೆ.

ಎದೆಯ ಕವಚವಾಯಿತು, ಶಿರಸ್ತ್ರಾಣವಾಯಿತು, ಭುಜದ ಪಟ್ಟಿಗಳಾದವು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಆದವು. ಸಿಕ್ಕಿಹಾಕಿಕೊಂಡದ್ದು ಕೊಂಬಿನಲ್ಲಿ. ಅದರ ಬುಡ ಚೌಕ, ತುದಿ ಗುಂಡು. ಚಪ್ಪಟೆ ಹಾಳೆಯೊಂದನ್ನು ಯಾವ ಆಕಾರಕ್ಕೆ ಕತ್ತರಿಸಿದರೆ ಸುತ್ತಿದಾಗ ಒಂದು ಕಡೆ ಚೌಕ, ಇನ್ನೊಂದು ಕಡೆ ಗುಂಡಗಾಗುತ್ತದೆ? ಅವಳು ನೆಟ್ಟಿನಲ್ಲಿ ಸಿಕ್ಕಿದ ನಕ್ಷೆ ಹಿಡಿದು ಮೂರು ಸಲ ಕತ್ತರಿಸಿದಳು. ಮೂರು ಸಲವೂ ಸೊಟ್ಟ ಲೋಟವಾಯಿತು. ಉಳಿದದ್ದು ಒಂದೇ ತುಂಡು ಹಾಳೆ, ಎರಡು ದಿನ. ಅವಳು ಕತ್ತರಿ ಕೆಳಗಿಟ್ಟು ಗೋಡೆ ನೋಡುತ್ತ ಕೂತಳು.

ಓದುಗರೇ, ಅವಳು ಸಿಕ್ಕಿಹಾಕಿಕೊಂಡದ್ದು ಯಾವುದರಲ್ಲಿ ಗೊತ್ತೇ? ಚೌಕದಿಂದ ಗುಂಡಕ್ಕೆ ಹೋಗುವ ತುಂಡು ನಮ್ಮ ಕಸುಬಿನ ಎಂ.ಎ. ಪರೀಕ್ಷೆ. ಚೌಕದ ಡಕ್ಟು ಗುಂಡಗಿನ ಬಾಯಿಗೆ ಸೇರುವ ಜಾಗದಲ್ಲಿ ಅದು ಬೇಕು. ಅದನ್ನು ಬಿಡಿಸಿ ಬರೆಯಲು ಬಂದವನು ಮೇಸ್ತ್ರಿ, ಬಾರದವನು ಜನ್ಮವಿಡೀ ತಗಡು ಹೊರುತ್ತಾನೆ. ನನ್ನ ಕೈ ಮಣೆಯಿಂದ ಎದ್ದಿತು. ಹೇಗೋ ಹಿಡಿದುಕೊಂಡೆ.

"ಹೇಳಿಕೊಟ್ಟರೆ ಮುಟ್ಟಿದ ಹಾಗೆ ಆಗ್ತದಾ?" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ನೋ. ಟೀಚರ್ಸ್ ಡೂ ದಟ್," ಎಂದಳು.

ಟೀಚರು. ನಾನು. ಸೀಮೆಸುಣ್ಣ ತೆಗೆದುಕೊಂಡು ನೆಲದ ಟೈಲ್ಸಿನ ಮೇಲೆ ಕೂತೆ. ಚೌಕ ಬರೆದು ನಡುವೆ ವೃತ್ತ ಬರೆದೆ, ವೃತ್ತವನ್ನು ಹನ್ನೆರಡು ಪಾಲು ಮಾಡಿದೆ. ಪ್ರತಿ ಮೂಲೆಯಿಂದ ಅದರ ಪಾಲಿಗೆ ಬರುವ ಗುರುತುಗಳಿಗೆ ಗೆರೆ ಎಳೆದೆ. "ಈ ಗೆರೆಗಳ ಉದ್ದ ನೆಲದ ಮೇಲಿನ ಉದ್ದ. ನಿಜವಾದ ಉದ್ದ ಬೇಕಾದರೆ ಕೊಂಬಿನ ಎತ್ತರವನ್ನು ನೆಟ್ಟಗೆ ನಿಲ್ಲಿಸು, ಈ ಗೆರೆಯನ್ನು ಅಡ್ಡ ಮಲಗಿಸು, ಓರೆಯಾಗಿ ಅಳೆ."

ಅವಳ ಕಣ್ಣು ಅಗಲವಾಯಿತು. "ಪಪ್ಪಾ, ರೈಟ್ ಆ್ಯಂಗಲ್ ಟ್ರಯಾಂಗಲ್. ಇಟ್ಸ್ ಇನ್ ಅವರ್ ಮ್ಯಾತ್ಸ್ ಬುಕ್."

"ಬುಕ್ಕಿನದ್ದು ನನಗೆ ಗೊತ್ತಿಲ್ಲ. ನಿನ್ನ ಕ್ಲಾಸಿನ ಸೀಲಿಂಗಿನ ಮೇಲೆ ಉಂಟು. ಅದರಡಿಯಲ್ಲೇ ಕೂತು ನೀನು ಓದುದು."

ನಾನು ಬರೆದದ್ದನ್ನು ಒರೆಸಿಬಿಟ್ಟೆ. ಅವಳು ತಾನೇ ಮೊದಲಿನಿಂದ ಬರೆದಳು, ಅಳೆದಳು, ಕೊನೆಯ ಹಾಳೆಯನ್ನು ಕತ್ತರಿಸಿ ಸುತ್ತಿದಳು. ಬುಡ ಚೌಕ, ತುದಿ ಗುಂಡು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಲೋಟ ನೀರು ಕುಡಿದೆ.

ಸ್ಪರ್ಧೆಯ ದಿನ ಆ ಹಾಲಿನಲ್ಲಿ ರೆಕ್ಕೆಯವರು, ಬಾಲದವರು, ನೀಲಿ ಮೋರೆಯವರು, ತಮಗಿಂತ ಉದ್ದದ ಕತ್ತಿ ಹೊತ್ತವರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ ನಾನೇ ಅಲ್ಲಿ ವಿಚಿತ್ರ ಪ್ರಾಣಿ. ನನ್ನ ಪಕ್ಕದಲ್ಲಿ ಇಲ್ಲಿಯವರ ಬಿಳಿ ನಿಲುವಂಗಿ ದಿಶ್‌ದಾಶಾ ತೊಟ್ಟ ಒಬ್ಬ ಕುವೈತಿ ಅಜ್ಜ ಮಡಿಲಲ್ಲಿ ಡೈನೋಸಾರಿನ ತಲೆ ಇಟ್ಟುಕೊಂಡು ಕೂತಿದ್ದರು. ಉಳಿದ ದೇಹ ಮೊಮ್ಮಗನ ಮೈಮೇಲಿತ್ತಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದೆವು. ತಂದೆ, ತಾತಂದಿರ ಭಾಷೆ ಎಲ್ಲ ಕಡೆ ಒಂದೇ.

ದೀಕ್ಷಾಳ ಸರದಿ ಬಂತು. ವೇದಿಕೆಯ ಬೆಳಕಿನಲ್ಲಿ ಅವಳು ನಡೆದು ಬಂದಾಗ ಸುಜಾತ ನನ್ನ ಕೈ ಹಿಡಿದುಕೊಂಡಳು. ಪ್ರೀತಿಗೋ, ಕಾವಲಿಗೋ ತಿಳಿಯಲಿಲ್ಲ. ತೀರ್ಪುಗಾರರಲ್ಲಿ ಒಬ್ಬ ಯುವತಿ ಎದ್ದು ಬಂದು ಕೊಂಬನ್ನು ತಿರುಗಿಸಿ ನೋಡಿದಳು. ಜೋಡಣೆ ಎಲ್ಲಿದೆ ಎಂದು ಹುಡುಕಿದಳು. ಒಂದೇ ಒಂದು ಇತ್ತು, ಹಿಂಬದಿಯಲ್ಲಿ. ಇದನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂದು ಕೇಳಿದಳು.

"ಐ ಮೇಡ್ ಇಟ್," ಎಂದಳು ನನ್ನ ಮಗಳು.

ಆಮೇಲೆ ಪೆನ್ನು ಕೇಳಿ ಪಡೆದು, ತನ್ನ ನಂಬರಿನ ರಟ್ಟನ್ನು ಮಗುಚಿ ಅದರ ಹಿಂದೆ ಬರೆಯತೊಡಗಿದಳು. ಹಿಂದಿನ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಚೌಕ, ವೃತ್ತ, ಹನ್ನೆರಡು ಪಾಲು. ಒಂದನೆಯ ಮೂಲೆಯ ಗೆರೆಗಳು ಸರಿ. ಎರಡನೆಯದೂ ಸರಿ. ಮೂರನೆಯ ಮೂಲೆಯಿಂದ ಅವಳು ಗೆರೆಯನ್ನು ತಪ್ಪು ಗುರುತಿಗೆ ಎಳೆದಳು. ನಾನು ಅರ್ಧ ಎದ್ದಿದ್ದೆ. ಬಾಯಿ ತೆರೆದಿತ್ತು. ಸುಜಾತ ಅಂಗಿ ಹಿಡಿದೆಳೆದಳು. ಇಪ್ಪತ್ತೊಂದು ವರ್ಷದಲ್ಲಿ ತಪ್ಪು ಗೆರೆ ನೋಡಿ ನಾನು ಸುಮ್ಮನಿದ್ದದ್ದಿಲ್ಲ. ಅಂದು ಕೂತೆ. ಹಲ್ಲು ಕಚ್ಚಿ ಕೂತೆ.

ಅವಳ ಪೆನ್ನು ನಿಂತಿತು. ತುಟಿಯಲ್ಲೇ ಎಣಿಸಿದಳು. ಆ ಗೆರೆಯನ್ನು ಹೊಡೆದುಹಾಕಿ ಸರಿಯಾದ ಗುರುತಿಗೆ ಎಳೆದು, ಮುಂದಿನದನ್ನೂ ಮುಗಿಸಿದಳು. ಆಮೇಲೆ ನಮ್ಮ ಸಾಲಿನ ಕಡೆ ಕೈ ತೋರಿಸಿ ಏನೋ ಹೇಳಿದಳು. ನನಗೆ ಸಿಕ್ಕಿದ್ದು ಮೂರೇ ಮಾತು: ಮೈ ಫಾದರ್, ಡಕ್ಟ್, ಟೀಚರ್. ಹಾಲಿನ ಅಷ್ಟೂ ರೆಕ್ಕೆ, ಬಾಲ, ಕತ್ತಿಗಳು ನನ್ನ ಕಡೆ ತಿರುಗಿದವು.

ಮೊದಲ ಬಹುಮಾನ ಅವಳದೇ. ಹೆಸರು ಕೂಗಿದಾಗ ಪಕ್ಕದ ಅಜ್ಜ ಡೈನೋಸಾರಿನ ತಲೆಯನ್ನು ಎತ್ತಿ ಹಿಡಿದು ಮಬ್ರೂಕ್, ಅಭಿನಂದನೆ, ಎಂದರು. ನಿರೂಪಕ ನನ್ನನ್ನೂ ವೇದಿಕೆಗೆ ಕರೆದ. ಮೈಕನ್ನು ಬಾಯಿಗೆ ಹಿಡಿದು, ಮಗಳಿಗೆ ಏನೇನು ಮಾಡಿಕೊಟ್ಟಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ದೀಕ್ಷಾ ನನ್ನನ್ನೇ ನೋಡುತ್ತಿದ್ದಳು.

"ನೋ," ಎಂದೆ. "ಐ ಡೂಯಿಂಗ್ ನಥಿಂಗ್. ಎವೆರಿಥಿಂಗ್ ಶೀ ಡೂಯಿಂಗ್." ನನ್ನ ಜೀವಮಾನದ ಅತಿ ಉದ್ದದ ಇಂಗ್ಲಿಷ್ ಭಾಷಣ ಅದು. ಚಪ್ಪಾಳೆ ಜೋರಾಗಿ ಬಿತ್ತು.

ಅಂದಿನಿಂದ ಸಬ್ಹಾನಿನಲ್ಲಿ ಯಾರು ಸಿಕ್ಕಿದರೂ, ನಾನು ಏನೂ ಮಾಡಲಿಲ್ಲ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದೇನೆ. ಯಾವ ದಿನ ಯಾವ ಗೋಂದನ್ನು ಮುಟ್ಟಲಿಲ್ಲ, ಯಾವ ಅಂಚನ್ನು ಸರಿಪಡಿಸಲಿಲ್ಲ, ಮೂರನೆಯ ಮೂಲೆಯಲ್ಲಿ ಹೇಗೆ ಬಾಯಿ ಬಿಡಲಿಲ್ಲ, ಒಂದನ್ನೂ ಬಿಡುವುದಿಲ್ಲ. ನಿನ್ನೆ ಚಹಾದ ಹೊತ್ತಿಗೆ ಇಸ್ಮಾಯಿಲ್ ಕೈ ಮುಗಿದ. "ಶೇಖರಣ್ಣ, ಮಾಡಿದ್ದನ್ನು ಹೇಳಿದ್ರೆ ಐದು ನಿಮಿಷದಲ್ಲಿ ಖಲಾಸ್ ಆಗ್ತಿತ್ತು. ಮಾಡದ್ದನ್ನು ಹೇಳ್ಲಿಕ್ಕೆ ಮುಕ್ಕಾಲು ಗಂಟೆ ಬೇಕಾ?"

ಬೇಕು. ಮಾಡುವವರು ಈ ಊರಿನಲ್ಲಿ ಸಾವಿರ ಜನ ಇದ್ದಾರೆ. ಮಾಡದೆ ಕೂರುವುದರಲ್ಲಿ ನನ್ನಷ್ಟು ನುರಿತ ಮೇಸ್ತ್ರಿ ಇಡೀ ಕುವೈತಿನಲ್ಲಿ ಇನ್ನೊಬ್ಬನಿಲ್ಲ.