ಬೆಳ್ಳಿಕಾಲಿನವಳ ಬೆನ್ನು ಹತ್ತಿ

ಭುಜಂಗ ಬಾಯಿ ಮುಕ್ಕಳಿಸಿ ಮಾತಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಖಡಕಿಯ ಸಾಲುಮನೆಗಳ ಚಾಳಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಕಲ್ಲವ್ವ ಕೊಡ ತುಂಬುವ ತನಕ ಸುಮ್ಮನಿರುವವಳಲ್ಲ.

"ನಾಳಿ ಇಂದೂನ ಜೋಡಿ ನಿನ್ನ ಲಗ್ನದ ನಿಶ್ಚಯ. ಹುಡುಗ ಏನ್ ಕೆಲಸ ಮಾಡ್ತಾನ ಅಂತ ಕೇಳಿದ್ರ ನಾ ಏನ್ ಹೇಳ್ಲೋ?"

"ಕಾಲಾಜಾರ್," ಎಂದ ಭುಜಂಗ, ಹಲ್ಲುಪುಡಿಯ ನೊರೆಯೊಳಗಿಂದಲೇ.

ಕಾಲಾ ಆಜಾರ್ ಎಂಬ ಮಾರಿಜ್ವರ ಹರಡುವ ಮರಳುನೊಣಗಳನ್ನು ಹಿಡಿದು ಪ್ರಯೋಗಾಲಯಕ್ಕೆ ತರುವುದು ಅವನ ಕೆಲಸ. ನೊರೆ ದಾಟಿ ಕಲ್ಲವ್ವನ ಕಿವಿಗೆ ಬಿದ್ದದ್ದು ಮಾತ್ರ ‘ಕಾಲ್ ಜಾರೇದ’ ಎಂದು. ಅಯ್ಯೋ, ಹುಡುಗ ಯಾವಳದೋ ಸಹವಾಸಕ್ಕೆ ಬಿದ್ದಿದ್ದಾನೆ! ಮುಚ್ಚಿಡುವುದು ಪಾಪವೆಂದು ಅವಳು ಕೊಡವನ್ನು ಅಲ್ಲೇ ಬಿಟ್ಟು, ತನ್ನೂರಿನವರೇ ಆದ ಇಂದೂಳ ಅಪ್ಪ ಶಿವಪುತ್ರಪ್ಪನವರಿಗೆ ಫೋನು ಮಾಡಲು ಓಡಿದಳು.

ಮಧ್ಯಾಹ್ನ ಅವಳೇ ಬಾಗಿಲಿಗೆ ಬಂದಳು. "ಈಗಿಂದೀಗ ಅಂಗಡಿಗೆ ಬಾ ಅಂದಾರ ನಿಮ್ಮ ಮಾವಾರು. ನಾ ಹೆಚ್ಚು-ಕಡಿಮಿ ಏನೂ ಹೇಳಿಲ್ಲಪ್ಪಾ, ನೀ ಹೇಳಿದ್ದಷ್ಟ."

ರೋಗದ ಹೆಸರು ಕೇಳಿ ಹೆದರಿದರೇನೋ ಎಂದುಕೊಂಡ ಭುಜಂಗ. ಅಜ್ಜಿ ಕತೆಯ ರಾಕ್ಷಸ ಏಳು ಕಡಲಾಚೆಯ ಗಿಣಿಯೊಳಗೆ ಪ್ರಾಣ ಇಟ್ಟಂತೆ, ಇವನು ತನ್ನ ಪ್ರಾಣವನ್ನು ಇಂದೂ ನಕ್ಕು ಹೇಳಿದ ಒಂದು "ಹೂಂ"ನೊಳಗೆ ಇಟ್ಟಿದ್ದ. ತೋರಿಸಲು ಇರಲಿ ಎಂದು ಸತ್ತ ನೊಣಗಳ ಗಾಜಿನ ನಳಿಕೆಯೊಂದನ್ನು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದ.

ಮಾರ್ಕೆಟ್ ಯಾರ್ಡಿನ ಒಣಮೆಣಸಿನಕಾಯಿ ಅಂಗಡಿಯಲ್ಲಿ ಶಿವಪುತ್ರಪ್ಪ ತಮ್ಮ ಸರಕಿಗಿಂತ ಕೆಂಪಗೆ ಕೂತಿದ್ದರು.

"ಕಲ್ಲವ್ವ ಹೇಳಿದ್ದು ಖರೇ ಏನೋ?"

"ಹೌದ್ರಿ. ಕಾಲೇಜು ಬಿಟ್ಟಾಗಿಂದ ಅದರಾಗ ಅದೀನಿ."

"ಎಲ್ಲಿ ಹೋಗ್ತಿ?"

"ಬಿಹಾರದ ಹಳ್ಳಿಗೋಳಿಗ್ರಿ. ದನದ ಕೊಟ್ಟಿಗಿ, ಮಣ್ಣಿನ ಗ್ವಾಡಿ ಸಂದಿ... ಹೆಣ್ಣು ಅಲ್ಲೇ ಅಡಗಿರ್ತಾವ."

"ಶಿವ ಶಿವಾ! ಯಾವ ಹೆಣ್ಣಾದ್ರೂ ನಡೀತದೇನು?"

"ಛೇ ಛೇ, ಜಾತಿ ನೋಡ್ತೀನ್ರಿ! ಬೆಳ್ಳಿಕಾಲಿನ ಜಾತಿನ ಬೇಕು. ಬ್ಯಾರೆ ಜಾತಿ ತಂದ್ರ ಸಾಹೇಬ್ರು ಬೈತಾರ."

"ಸಾಹೇಬ್ರೂ ಅದಾರೇನು ಇದರಾಗ?"

"ಅವರ ಕಲಿಸಿದ್ದು ನನಗ!"

ಶಿವಪುತ್ರಪ್ಪ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದರು, ಎರಡು ಸಲ ಸೀನಿದರು. "ಆತು, ವಯಸ್ಸು. ಲಗ್ನ ಆದ ಮ್ಯಾಲೆ ಬಿಡ್ತೀಯಿಲ್ಲೋ?"

"ಬಿಡೂದು ಹೆಂಗ್ರಿ? ಪರ್ಮನೆಂಟ್ ಆಗೇದ! ಇಂದೂಗೂ ಕಲಿಸ್ತೀನ್ರಿ."

ಶಿವಪುತ್ರಪ್ಪನವರ ಕೈ ತಕ್ಕಡಿಯ ಕಲ್ಲಿಗೆ ಹೋಯಿತು. ಭುಜಂಗ ಕಿಸೆಯ ನಳಿಕೆ ಎತ್ತಿ ಹಿಡಿದ. ಒಳಗೆ ಎಳ್ಳಿಗಿಂತ ಸಣ್ಣ, ಬೆಳ್ಳಿ ಬಣ್ಣದ ಕಾಲಿನ ನೊಣಗಳು.

"ಇವ್ರೀ ಮಾವಾರ! ಇವನ್ನ ಹಿಡೀತೀನಿ! ಇದರಾಗಿನ ಹೆಣ್ಣು ಕಡದ್ರ ಕಾಲಾ ಆಜಾರ್ ಬರ್ತದ!"

ಶಿವಪುತ್ರಪ್ಪ ನಳಿಕೆ ನೋಡಿದರು, ಅವನನ್ನು ನೋಡಿದರು, ಆಮೇಲೆ ಚೀಲಗಳು ಅಲುಗುವಂತೆ ನಕ್ಕರು. "ಕಾಲ್ ಜಾರಿಲ್ಲ, ಕಾಲಾಜಾರ್! ಕಲ್ಲವ್ವನ ಕಿವಿಗೆ ಬೆಂಕಿ ಹಚ್ಚ!"

ಗೆದ್ದೆ ಎಂದುಕೊಂಡ ಭುಜಂಗ ಹಿಗ್ಗಿನಲ್ಲಿ ಅಂಗಿಯ ತೋಳು ಮಡಚಿದ. ಕೈತುಂಬ ಕೆಂಪು ಗುಳ್ಳೆ. "ಲ್ಯಾಬಿನ್ಯಾಗ ಹುಟ್ಟಿದ ನೊಣಕ್ಕ ರೋಗ ಇರಂಗಿಲ್ರಿ. ನಾನ ಕೈ ಕೊಟ್ಟು ರಕ್ತ ಕುಡಸ್ತೀನಿ. ಇಲ್ಲಂದ್ರ ತತ್ತಿ ಇಡಂಗಿಲ್ಲ, ಪಾಪ."

ನಗು ನಿಂತಿತು.

"ನೋಡಪಾ," ಎಂದರು ಶಿವಪುತ್ರಪ್ಪ ಮೆಲ್ಲಗೆ. "ಹೆಣ್ಣಿನ ಬೆನ್ನು ಹತ್ತಿದಾವ ಲಗ್ನ ಆದ್ರ ಮನಿ ಹಿಡೀತಾನ. ಇಂದೂನ ಅವ್ವನೂ ಹಂಗ ಅಂದ್ಲು, ಬುದ್ಧಿ ಹೇಳಿ ನಾಳಿ ನಿಶ್ಚಯ ಮುಗಿಸೂನು ಅಂತ ನಿನ್ನ ಕರೆಸಿದ್ದೆ. ಆದ್ರ ನೊಣದ ಬಾಣಂತನ ಮಾಡಾವ್ಗ ಮಗಳನ್ನ ಹೆಂಗ ಕೊಡ್ಲಿ?"

"ಮಾವಾರ..."

"ನೆನಪು ಮಾಡ್ಕೋ," ಅವರು ಅವನ ಹೆಗಲ ಮೇಲೆ ಕೈಯಿಟ್ಟರು. "ಎಲ್ಲ್ಯಾರ ಒಮ್ಮಿ ಖರೇನ ಕಾಲು ಜಾರಿದ್ರ ಹೇಳು. ನೌಕರಿ ಬಿಡಿಸಿ ಅಂಗಡ್ಯಾಗ ಕೂಡಿಸ್ಕೋತೀನಿ. ನೊಣದ ಸುದ್ದಿ ಮುಚ್ಚಿ, ಕೆಟ್ಟ ಚಾಳಿ ಬಿಡಿಸಿದೆ ಅಂತ ಮನ್ಯಾಗ ಹೇಳಾಕ ನನಗೂ ಒಂದು ಮಾತು ಬೇಕು."

ಭುಜಂಗ ಚೀಲಕ್ಕೆ ಒರಗಿ ತನ್ನ ಇಡೀ ಬದುಕನ್ನು ಜಾಲಾಡಿದ. ಒಬ್ಬಳೂ ಸಿಗಲಿಲ್ಲ.