ನನ್ನ ಕ್ಷೌರದಂಗಡಿಯೆದುರು ಮೊಟ್ಟೆಯಿಟ್ಟು ಹೋದ ಕಡಲಾಮೆಯವರಿಗೆ

ಸಮುದ್ರವಾಸಿಗಳೂ ಬಹುಸಂತಾನವತಿಯರೂ ಆದ ಮಾನ್ಯರೇ,

ತಾವು ನೀರಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ವಿಳಾಸ ಬಿಟ್ಟು ಹೋಗುವ ತೊಂದರೆಯನ್ನು ತಾವು ತೆಗೆದುಕೊಳ್ಳದ ಕಾರಣ, ಈ ಪತ್ರವನ್ನು ಊರಿಗೆಲ್ಲ ಕಾಣುವಂತೆ ನನ್ನ ಅಂಗಡಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ. ನಾನು ಕಡಲತೀರದ ರಸ್ತೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕ್ಷೌರ ಮಾಡಿಕೊಂಡು, ಯಾರ ತಂಟೆಗೂ ಹೋಗದೆ ಬದುಕಿದವನು.

ಮೈಲುಗಟ್ಟಲೆ ಮರಳು ಖಾಲಿ ಬಿದ್ದಿರುವಾಗ ತಾವು ಅದನ್ನೆಲ್ಲ ಬಿಟ್ಟು, ಜನ ಚೆಂಡಾಡುವ, ಕಾಲು ಚಾಚಿ ಕೂರುವ, ನನ್ನ ಅಂಗಡಿಗೆ ನೇರ ಎದುರಿನ ಜಾಗವನ್ನೇ ಮೆಚ್ಚಿ, ಸುಮಾರು ನೂರು ಮೊಟ್ಟೆಯಿಟ್ಟು, ಹಿಂತಿರುಗಿಯೂ ನೋಡದೆ ಹೊರಟುಹೋದಿರಿ. ಒಂದು ಗಂಟೆ ಹೊರಗೆ ಹೋಗುವಾಗಲೂ ಪಕ್ಕದ ಮನೆಯವರಿಗೆ ಹತ್ತು ಸಲ ಹೇಳಿ ಹೋಗುವ ನಮ್ಮಂಥ ತಂದೆತಾಯಿಯರಿಗೆ ತಮ್ಮ ನಿಶ್ಚಿಂತೆ ಕಂಡು ಹೊಟ್ಟೆಕಿಚ್ಚಾಗುತ್ತದೆ.

ಭಾರವೆಲ್ಲ ಬಿದ್ದದ್ದು ನನ್ನ ಅಕ್ಕನ ತಲೆಯ ಮೇಲೆ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದ ಆಕೆ ಆಮೆ ಕಾಯುವ ಸ್ವಯಂಸೇವಕರ ತಂಡ ಸೇರಿ, ತಮ್ಮ ಗೂಡಿನ ಸುತ್ತ ಕೋಲು ನೆಟ್ಟು ಹಗ್ಗ ಕಟ್ಟಿ, ನಾಯಿಗಳನ್ನೂ ಚೆಂಡಾಟದವರನ್ನೂ ಒಂದೇ ದನಿಯಲ್ಲಿ ಗದರಿಸುತ್ತ, ಐವತ್ತು ದಿನ ಬಿಸಿಲಿಗೆ ಕೊಡೆ ಹಿಡಿದು ಕುಳಿತಳು. ನನ್ನ ಮೇಲೆ ಆಕೆಗಿದ್ದ ಸಿಟ್ಟು ಬೇರೆಯದೇ. ಮರಿಗಳು ಕಡಲ ಮೇಲಿನ ಚಂದ್ರನ ಬೆಳಕೆಂದುಕೊಂಡು, ಬೆಳಕು ಕಂಡತ್ತ ನಡೆಯುತ್ತವಂತೆ. ಸಂಜೆಯಾದ ಮೇಲೆ ನನ್ನ ಅಂಗಡಿಯ ಹೊಳೆಯುವ ಬೋರ್ಡನ್ನು ಆರಿಸಬೇಕಂತೆ.

"ಹತ್ತು ದಿನ ದೀಪ ಆರಿಸಿದ್ರೆ ನಿನ್ನ ಅಂಗಡಿ ಮುಳುಗಿಹೋಗುತ್ತೇನೋ?" ಎಂದಳು.

"ಆಮೆಗೆ ಗಡ್ಡ ಬರಲ್ಲ ಅಕ್ಕಾ. ಗಡ್ಡ ಇರೋರಿಗೆ ನನ್ನ ಬೋರ್ಡ್ ಕಾಣಬೇಕಲ್ಲ" ಎಂದೆ. ಈ ಮಾತಿಗೆ ನಾನೊಬ್ಬನೇ ನಕ್ಕೆ. ಅಕ್ಕ ನನ್ನೊಡನೆ ಮಾತು ಬಿಟ್ಟಳು.

ಕಳೆದ ವಾರ ಮುಸ್ಸಂಜೆ, ಮರುದಿನ ಮದುವೆಯಿದ್ದ ಮದುಮಗನೊಬ್ಬನ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದಾಗ ಹೊರಗೆ ಅಕ್ಕನ ಕೂಗು ಕೇಳಿಸಿತು. ಇಣುಕಿದರೆ, ಅಂಗೈಯ ಅರ್ಧವೂ ಇಲ್ಲದ ತಮ್ಮ ಕುಲಪುತ್ರರು ಕಡಲಿಗೆ ಬೆನ್ನು ಹಾಕಿ, ನನ್ನ ಬೋರ್ಡನ್ನೇ ನಂಬಿಕೊಂಡು, ರಸ್ತೆ ಹತ್ತಿ ಬರುತ್ತಿದ್ದರು. ಮುಂದಿದ್ದ ಮೂವರ ಮೇಲೆ ಆಗಲೇ ಬೈಕೊಂದು ಹಾದುಹೋಗಿತ್ತು.

ನಾನು ದೀಪ ಆರಿಸಲು ಓಡಿದೆ. ಮದುಮಗ ಕೊರಳಿನ ಬಟ್ಟೆಯನ್ನೂ ಬಿಚ್ಚದೆ ರಸ್ತೆಯ ನಡುವೆ ಕೈ ಚಾಚಿ ನಿಂತು, ಬರುತ್ತಿದ್ದ ಬಸ್ಸನ್ನೇ ತಡೆದ. "ಯಾರಪ್ಪಾ ನೀನು, ಸಾಯ್ಬೇಕಾ?" ಎಂದು ಚಾಲಕ ಕಿರುಚಿದಾಗ, "ನಾಳೆ ಮದುವೆ ಸಾರ್, ದಯವಿಟ್ಟು ಹತ್ತಿಸ್ಬೇಡಿ" ಎಂದು ನೊರೆಯ ಮುಖದಲ್ಲೇ ಕೈಮುಗಿದ. ಪ್ರಯಾಣಿಕರು ಇಳಿದು ಬಂದರು. ಅಕ್ಕ ಹೇಳಿದಂತೆ ಎಲ್ಲರೂ ಮರಿಗಳನ್ನು ಹೆಕ್ಕಿ, ಬಕೆಟ್ಟಿನಲ್ಲಿ ಒಯ್ದು, ಒದ್ದೆ ಮರಳಿನ ಮೇಲೆ ಬಿಟ್ಟೆವು. ಅಲೆಯವರೆಗೆ ಅವು ತಾವೇ ನಡೆಯಬೇಕೆಂದು ಆಕೆ ಹಟ ಹಿಡಿದಳು. ತೊಂಬತ್ತೊಂದು ಮರಿಗಳು ನೀರು ಸೇರಿದವು.

ರಸ್ತೆಯಲ್ಲಿ ಉಳಿದ ಮೂರನ್ನು ಅಕ್ಕ ಸೆರಗಿನಲ್ಲಿ ತಂದು ಮರಳಲ್ಲಿ ಹೂತಳು. ಅವುಗಳಿಗೆ ಯಾರು ಹೊಣೆಯೆಂದು ಆಕೆ ಕೇಳಲಿಲ್ಲ. ಕೇಳಿ ನಾಲ್ಕು ಬೈದಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಆದ್ದರಿಂದ ಮಾನ್ಯರೇ, ಮುಂದಿನ ಸಲ ತಾವು ಒಂದು ತಿಂಗಳು ಮೊದಲೇ ಲಿಖಿತ ಸೂಚನೆ ಕೊಡಬೇಕು. ಚಂದ್ರನಿಗೂ ಕ್ಷೌರದಂಗಡಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಮೊಟ್ಟೆಯಲ್ಲಿರುವಾಗಲೇ ಕಲಿಸಬೇಕು. ಸಾಧ್ಯವಾದರೆ, ನನ್ನಂಥವನ ಎದುರು ಹೆರಲೇಬಾರದು ಎಂದು ವಿನಂತಿಸುತ್ತೇನೆ.

ಇಂತು, ಕತ್ತಲಲ್ಲಿ ಕುಳಿತು ಬರೆದ,
ತಮ್ಮ ವಿಶ್ವಾಸಿ,
ಎದುರಿನ ಕ್ಷೌರಿಕ

ವಿ.ಸೂ.: ತಮ್ಮ ಬಂಧುವೊಬ್ಬರು ಮೊನ್ನೆ ಕಡಲತೀರದ ಅಧಿಕಾರಿಗಳ ವಿಶ್ರಾಂತಿಗೃಹದ ಮುಂದೆಯೇ ಮೊಟ್ಟೆಯಿಟ್ಟಿದ್ದಾರೆ. ಅಲ್ಲಿನ ದೊಡ್ಡ ದೀಪಗಳನ್ನು ಆರಿಸಿರೆಂದು ಕೇಳಲು ಅಕ್ಕ ನನ್ನನ್ನೇ ಕಳಿಸಿದಳು. "ಅರ್ಜಿ ಕೊಟ್ಟು ಹೋಗಿ, ಮೂರು ತಿಂಗಳಲ್ಲಿ ನೋಡೋಣ" ಅಂದರು. ಅಲ್ಲಿಯವರೆಗೆ ಒಡೆಯದಂತೆ ಆ ಮೊಟ್ಟೆಗಳಿಗೆ ತಾವೇ ಒಂದು ಮಾತು ಹೇಳಬೇಕು.