ಕೊನೆಯಂಚಿಗೆ ತಲುಪದ ಸೌಹಾರ್ದ ಓಟ

ದ್ವೇಷವೆಂಬುದು ಮನುಷ್ಯಕುಲವನ್ನು ಅನಾದಿಯಿಂದ ಕಾಡುತ್ತ ಬಂದಿರುವ, ರಾಜರನ್ನೂ ರಾಜ್ಯಗಳನ್ನೂ ಮಣ್ಣುಗೂಡಿಸಿದ ಮಹಾರೋಗ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನಗಿರುವುದು ಸಕ್ಕರೆ ರೋಗ. ಇವೆರಡಕ್ಕೂ ಬೆಳಿಗ್ಗೆ ಎದ್ದು ನಡೆಯುವುದೇ ಮದ್ದು ಎಂದು ಗಂಗಾವತಿಯ ಹಿರಿಯರು ಒಮ್ಮೆ ತೀರ್ಮಾನಿಸಿದ್ದರಿಂದ ನಾನು ಈ ಪ್ರಸಂಗದಲ್ಲಿ ಸಿಕ್ಕಿಬಿದ್ದೆ.

ಆ ವರ್ಷ ನಮ್ಮ ಊರಿನಲ್ಲಿ ಕಲ್ಲು ಬಿದ್ದಿರಲಿಲ್ಲ, ಬೆಂಕಿ ಹತ್ತಿರಲಿಲ್ಲ. ಆದರೆ ಎಲ್ಲರ ಕೈಗೂ ಮೊಬೈಲು ಬಂದು, ಎಲ್ಲೋ ದೂರದ ಊರುಗಳ ಜಗಳಗಳು ದಿನಾಲು ನಮ್ಮ ಚಹಾದಂಗಡಿಯಲ್ಲಿ ಬಂದಿಳಿಯತೊಡಗಿದ್ದವು. ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂಡುತ್ತಿದ್ದ ಜನ ಎರಡು ಬೆಂಚು ಮಾಡಿಕೊಂಡರು. ನಾನು ಮತ್ತು ನನ್ನ ಹಳೆಯ ಗೆಳೆಯರಾದ ದರ್ಜಿ ಹುಸೇನಸಾಬರು ಯಾವ ಬೆಂಚಿನ ಮೇಲೆ ಕೂಡಬೇಕೆಂದು ತಿಳಿಯದೆ ನಿಂತೇ ಚಹಾ ಕುಡಿಯುತ್ತಿದ್ದೆವು. ಮೊಣಕಾಲು ನೋವು ಇಬ್ಬರಿಗೂ ಇದೆ. ದ್ವೇಷದ ದುಷ್ಪರಿಣಾಮಗಳನ್ನು ನಾನು ಅನುಭವದಿಂದ ಬಲ್ಲೆ.

ಇದನ್ನೆಲ್ಲ ಕಂಡು ಅಕ್ಕಿ ಗಿರಣಿಯ ಬಸಲಿಂಗಪ್ಪನವರು ಒಂದು ಸೌಹಾರ್ದ ಓಟ ನಡೆಯಲಿ ಎಂದರು. ಓಡಲಾಗದವರು ನಡೆಯಬಹುದು. ಊರಿನ ಎಲ್ಲ ಓಣಿಗಳನ್ನು ಹಾಯ್ದು ಊರ ಹೊರಗಿನ ಬಡ ಮಕ್ಕಳ ಹಾಸ್ಟೆಲ್ಲು ಮುಟ್ಟಬೇಕು. ಒಂಬತ್ತು ಗಂಟೆಗೆ ಗಿರಣಿಯ ಸೈರನ್ ಕೂಗುವುದರೊಳಗೆ ಮುಟ್ಟಿದ ಪ್ರತಿಯೊಬ್ಬರ ಹೆಸರಿನಲ್ಲಿ ಆ ಹಾಸ್ಟೆಲ್ಲಿಗೆ ಗಿರಣಿಯಿಂದ ಒಂದು ಚೀಲ ಅಕ್ಕಿ. ತಿಂಗಳ ಕೊನೆಗೆ ಅಲ್ಲಿ ಅನ್ನ ಗಂಜಿಯಾಗುತ್ತದೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ವಾರ್ಡನ್ನರು ಸಂಭ್ರಮದಿಂದ ಒಂದು ಕೋಣೆಯನ್ನೇ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ ಕಾದು ಕುಳಿತರು.

ನಾನು ಸೇವೆಯ ಅಷ್ಟೂ ವರ್ಷ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನೀರಿನ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ ಎಂದು ನಂಬಿದ್ದೇನೆ, ಬೇರೆ ಯಾರೂ ನಂಬದಿದ್ದರೂ. ಓಡುವವರಿಗೆ ಬಾಯಾರುತ್ತದೆ, ಓಣಿಗೊಂದು ಕೊಡ ನೀರು ಇಡಿಸೋಣ ಎಂದು ಸಭೆಯಲ್ಲಿ ಸಲಹೆ ಕೊಟ್ಟವನು ನಾನೇ. ಕಾಲುವೆಯ ನೀರು ಮೇಲಿನ ತೂಬುಗಳಲ್ಲೇ ಖರ್ಚಾಗಿ ಕೊನೆಯಂಚಿನ ಗದ್ದೆಗಳಿಗೆ ತಲುಪುವುದಿಲ್ಲ ಎಂಬ ದೂರುಗಳನ್ನು ಜೀವಮಾನವಿಡೀ ಓದಿದವನಿಗೆ ಮುಂದೇನಾಗುವುದೆಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೊದಲ ಓಣಿಯವರು, ಬಾಗಿಲಿಗೆ ಬಂದವರಿಗೆ ಬರೀ ನೀರು ಕೊಡುವುದು ಮರ್ಯಾದೆಯಲ್ಲವೆಂದು ಮಜ್ಜಿಗೆ ಮಾಡುವುದಾಗಿ ಹೇಳಿದರು. ಸುದ್ದಿ ತಿಳಿದ ಇನ್ನೊಂದು ಓಣಿಯವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಂದರು. ಕೂಡಲೇ ಮೊದಲಿನವರು ಮಜ್ಜಿಗೆಯನ್ನು ಕೈಬಿಟ್ಟು ಶಿರಾಕ್ಕೆ ಏರಿದರು. ಗದ್ದೆ ಮಾಡಲು ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ತೆಲುಗು ಮನೆಗಳವರು ಪೆಸರಟ್ಟು ದೋಸೆಗೆ ಹೆಸರುಕಾಳು ನೆನೆಹಾಕಿದರು. ಹುಸೇನಸಾಬರ ಓಣಿಯಲ್ಲಿ ರಂಜಾನ್ ಹಬ್ಬವಿಲ್ಲದಿದ್ದರೂ ಶೀರಖುರ್ಮಾ ಪಾಯಸಕ್ಕೆ ಹಾಲು ಗೊತ್ತುಮಾಡಿಯಾಗಿತ್ತು. ಬೇಡವೆನ್ನಲು ಓಟದ ಕಮಿಟಿಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಬೇಡವೆನ್ನುವುದಾದರೆ ಮೊದಲು ಯಾವ ಓಣಿಗೆ ಹೋಗಿ ಹೇಳುವುದು?

ನನ್ನ ಪಾಲಿನ ಒಂದು ಚೀಲ ಅಕ್ಕಿಯನ್ನಾದರೂ ದುಡಿದೇ ತೀರುತ್ತೇನೆಂದು ನಾನು ಮನೆಯಲ್ಲಿ ಘೋಷಿಸಿದೆ. "ಓಣಿ ತುದಿಯ ಕಿರಾಣಿ ಅಂಗಡಿಗೆ ಹೋಗಾಕ ಗಾಡಿ ಬೇಕು ಇವ್ರಿಗೆ. ದ್ವೇಷ ಓಡಸ್ತಾರಂತ," ಎಂದಳು ಹೆಂಡತಿ ಶಾಂತಾ, ನನಗಲ್ಲ, ಒಲೆಗೆ.

ಆ ಭಾನುವಾರ ಊರಿಗೆ ಊರೇ ಓಡಲು ಬಂದಿತ್ತು. ಬಸಲಿಂಗಪ್ಪನವರು ಹಸಿರು ಬಾವುಟ ಬೀಸಿದರು. ಹುರುಪಿನಿಂದ ಹೊರಟ ಜನಸಾಗರ ಮೊದಲ ಓಣಿಯ ಜಮಖಾನದ ಮೇಲೆ ಸಾಲಾಗಿ ಕುಳಿತಿತು. ನಾನು ಎರಡೇ ಚಮಚ ಶಿರಾ ತಿಂದೆ, ಸೌಹಾರ್ದದ ಸಲುವಾಗಿ. ಆ ಎರಡು ಚಮಚವೇ ಮುಳುವಾಯಿತು. ಹುಸೇನಸಾಬರ ಮನೆಯ ಮುಂದೆ ಶೀರಖುರ್ಮಾದ ಬಟ್ಟಲು ಬಂದಾಗ ನಾನು ರೋಗದ ನೆಪ ಹೇಳಿದೆ. ಅವರು ನಿಧಾನವಾಗಿ, "ಅಣ್ಣಾರ, ಆ ಓಣ್ಯಾಗ ಶಿರಾ ತಿಂದು, ನಮ್ಮ ಮನಿ ಮುಂದ ಸಕ್ಕರಿ ಬ್ಯಾನಿ ಅಂದ್ರ ಮಂದಿ ಏನ್ ತಿಳ್ಕೋಬೇಕ್ರಿ?" ಎಂದರು. ದೇಶದ ಭವಿಷ್ಯ ನನ್ನ ಕೈಯ ಬಟ್ಟಲಿನಲ್ಲಿತ್ತು. ಅವರ ಮನೆಯೊಳಗೆ ಹೋಗಿ ಕುಳಿತು ಪೂರ್ತಿ ಕುಡಿದೆ.

ಅಷ್ಟರಲ್ಲಿ ಹೊರಗೆ ಶಾಂತಾಳ ದನಿ ಕೇಳಿಸಿತು. ಉಣ್ಣುವ ಮುಂಚಿನ ಮಾತ್ರೆಯನ್ನು ನಾನು ಮನೆಯಲ್ಲೇ ಮರೆತಿದ್ದೆ, ಅದನ್ನು ಹಿಡಿದುಕೊಂಡು ಹುಡುಕುತ್ತ ಬಂದಿದ್ದಳು. ನಾನು ಬಟ್ಟಲು ಸಮೇತ ಪರದೆಯ ಹಿಂದೆ ಸರಿದೆ. "ಮುಂದ ಹೋಗ್ಯಾರವ್ವ, ಭಾಳ ಜೋರ್ ನಡ್ಯಾಕತ್ತಿದ್ರು," ಎಂದರು ಹುಸೇನಸಾಬರು, ಕಣ್ಣು ಮಿಟುಕಿಸದೆ. ಆಕೆ ಮುಂದೆ ಹೋದಳು. ಮಿರ್ಚಿಯ ಓಣಿಯವರು ನನ್ನನ್ನು ಕಂಡೇ ಇರಲಿಲ್ಲ, ಆದರೂ ಮುಂದೆ ಹೋಗಿದ್ದಾರೆಂದರಂತೆ. ಕ್ಯಾಂಪಿನವರೂ ಅದನ್ನೇ ಹೇಳಿದರಂತೆ. ಒಬ್ಬ ಗಂಡಸಿನ ಮಾನ ಉಳಿಸಲು ಎಲ್ಲ ಜಾತಿಯವರೂ ಎರಡು ಭಾಷೆಗಳಲ್ಲಿ ಒಂದೇ ಸುಳ್ಳು ಹೇಳಿದರು. ನಮ್ಮ ಓಟದ ಉದ್ದೇಶ ಆ ಕ್ಷಣದಲ್ಲೇ ಈಡೇರಿತ್ತೆಂದು ನನ್ನ ಅಭಿಪ್ರಾಯ.

ಸೈರನ್ ಕೂಗಿದಾಗ ನನ್ನ ಮುಂದೆ ಎರಡನೆಯ ಮಿರ್ಚಿ ಇತ್ತು. ಅದನ್ನು ಕೂಗಿಸಲು ಹೇಳಿದ್ದ ಬಸಲಿಂಗಪ್ಪನವರ ಜೀಪು ಅದೇ ಓಣಿಯಲ್ಲಿ ನಿಂತಿತ್ತು, ಅವರೂ ಮಿರ್ಚಿಯ ಹಂತದಲ್ಲೇ ಇದ್ದರು. ನಾವೆಲ್ಲ ಹೊಟ್ಟೆ ಹೊತ್ತುಕೊಂಡು ಹಾಸ್ಟೆಲ್ಲು ಮುಟ್ಟಿದಾಗ ಬಿಸಿಲೇರಿತ್ತು. ಮಕ್ಕಳು ಎರಡು ಸಾಲಾಗಿ ನಿಂತು ಬೇಸತ್ತಿದ್ದರು. ಸುಣ್ಣದ ಕೋಣೆ ಬಾಯಿ ತೆರೆದುಕೊಂಡಿತ್ತು. ಅದರ ಮೆಟ್ಟಿಲ ಮೇಲೆ ಶಾಂತಾ ಕುಳಿತಿದ್ದಳು, ಕೊರಳಲ್ಲಿ ಹಾರ, ಕೈಯಲ್ಲಿ ನನ್ನ ಮಾತ್ರೆ. ಅಂದು ಆಕೆಗೆ ಸಂಕಷ್ಟಿಯ ಉಪವಾಸ, ಚಂದ್ರ ಕಾಣುವವರೆಗೆ ಹನಿ ನೀರೂ ಇಲ್ಲ. ಉಪವಾಸವಿದ್ದವರನ್ನು ಒತ್ತಾಯ ಮಾಡುವ ಮನೆ ನಮ್ಮ ಊರಿನ ಯಾವ ಓಣಿಯಲ್ಲೂ ಇಲ್ಲ. ಹೀಗಾಗಿ ಓಡುತ್ತೇನೆಂದು ಯಾರಿಗೂ ಹೇಳದ ಆಕೆಯೊಬ್ಬಳೇ ಸೈರನ್ನಿಗೆ ಮೊದಲು ಓಟವನ್ನು ಮುಗಿಸಿದ್ದಳು.

"ಅಣ್ಣಾರ, ನಿಮ್ಮ ಮಾತಿನಂಗ ಒಂದು ಚೀಲ ಆತು," ಎಂದಳು ಬಸಲಿಂಗಪ್ಪನವರಿಗೆ. "ಈ ಹುಡುಗರು ಮುಂಜಾನಿಂದ ನಿಂತಾವು. ಉಂಡು ಬಂದವ್ರು ತಮ್ಮ ತಮ್ಮ ಮನಿಯಿಂದ ಅಕ್ಕಿ ತಂದು ಹಾಕ್ಲಿ, ಅವರವರ ಹೊಟ್ಟಿ ನೋಡಿ. ನೀವು ಮೊದಲು."

ಬಸಲಿಂಗಪ್ಪನವರು ಮೀಸೆಗೆ ಹತ್ತಿದ್ದ ಕಡಲೆಹಿಟ್ಟನ್ನು ಒರೆಸಿಕೊಂಡು ಆಗಲಿ ತಂಗಿ ಎಂದರು. ತಾನು ಉಂಡಿಲ್ಲವೆಂದು ಯಾರೂ ಹೇಳುವ ಹಾಗಿರಲಿಲ್ಲ, ಉಣ್ಣಿಸಿದ ಓಣಿಗಳವರು ಪಕ್ಕದಲ್ಲೇ ನಿಂತಿದ್ದರು. ನಾಲ್ಕೇ ದಿನಗಳಲ್ಲಿ ಕೋಣೆಯ ಅಕ್ಕಿ ಮಾಳಿಗೆ ಮುಟ್ಟಿತು. ಚಹಾದಂಗಡಿಯ ಎರಡನೆಯ ಬೆಂಚನ್ನು ಓಟದ ದಿನ ಯಾವುದೋ ಓಣಿಯವರು ಒಯ್ದಿದ್ದರು, ಅದು ಇನ್ನೂ ಮರಳಿಲ್ಲ. ಎಲ್ಲರೂ ಬೈದುಕೊಳ್ಳುತ್ತ ಇರುವ ಒಂದರ ಮೇಲೆಯೇ ಒತ್ತಿಕೊಂಡು ಕೂಡುತ್ತಾರೆ.

ನನ್ನ ಹೊಟ್ಟೆ ನೋಡಿ ಶಾಂತಾ ಒಂದು ಪೂರ್ತಿ ಚೀಲವೆಂದು ತೀರ್ಪು ಕೊಟ್ಟಳು, ಮತ್ತು ನಡೆದೇ ಹೋಗಬೇಕೆಂದಳು. ಮರುದಿನ ಬೆಳಿಗ್ಗೆ ಎಂಟಕ್ಕೆ ಚೀಲವನ್ನು ಹುಸೇನಸಾಬರ ಸೈಕಲ್ಲಿನ ಮೇಲೆ ಹೇರಿಕೊಂಡು ನಾನೂ ಅವರೂ ತಳ್ಳುತ್ತ ಅದೇ ಓಣಿಗಳ ಮೂಲಕ ಹೊರಟೆವು. ಪ್ರತಿ ಓಣಿಯಲ್ಲೂ ಯಾರಾದರೊಬ್ಬರು ಕೂತು ಹೋಗಿರೆಂದು ಕರೆದರು. ಅಕ್ಕಿ ಹಾಸ್ಟೆಲ್ಲು ಮುಟ್ಟಿದ್ದು ಸಂಜೆ ನಾಲ್ಕು ಗಂಟೆಗೆ.